ಮಲದ ಸ್ಯಾಂಪಲ್ ಸಿಗುವಾಗ, ಕರುಳಿನ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೆಳೆಸಿ ಬೆರೆಸುವುದು ಯಾಕೆ?

ನಾನು ಇದೇ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಲದಲ್ಲಿ ನೂರಾರು ಜಾತಿಗಳು ಒಟ್ಟಿಗೆ ಇರುತ್ತವೆ. ಯಾವುದು ಯಾವ ಕೆಲಸ ಮಾಡುತ್ತಿದೆ ಅಂತ ತಿಳಿಯಬೇಕಾದರೆ ಒಂದನ್ನು ತೆಗೆದು ನೋಡಬೇಕು, ಅಲ್ವಾ? ಆದರೆ ಆಂಟಿಬಯಾಟಿಕ್ ಹಾಕಿದರೆ ಪಕ್ಕದವೂ ಸಾಯುತ್ತವೆ. ನಾವೇ ಬೆರೆಸಿದ ಗುಂಪಾದರೆ ಆ ಒಂದು ಟ್ಯೂಬನ್ನು ಹಾಕದೆ ಬಿಟ್ಟರೆ ಸಾಕು.

ಒಂದು ಉದಾಹರಣೆ. ಒಲಿಗೋ-ಎಂಎಂ12 ಅಂತ ಇಲಿಯ ಕರುಳಿನ 12 ತಳಿಗಳ ಗುಂಪಿದೆ. ಯಕೃತ್ತಿನಿಂದ ಬರುವ ಪಿತ್ತದ ಆಮ್ಲವನ್ನು ಇನ್ನೊಂದು ರೂಪಕ್ಕೆ ಬದಲಿಸುವ ಒಂದು ಮುಖ್ಯ ಕೆಲಸ ಈ ಗುಂಪಿಗೆ ಬರುವುದಿಲ್ಲ. ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಅನ್ನೋ ಒಂದೇ ಬ್ಯಾಕ್ಟೀರಿಯಾ ಸೇರಿಸಿದರೆ ಅದು ಶುರುವಾಗುತ್ತದೆ. ಜೊತೆಗೆ, ಭೇದಿ ತರುವ ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಸೋಂಕಿನ ಮೊದಲ ಹಂತದಲ್ಲಿ ಇಲಿಗೆ ರಕ್ಷಣೆಯೂ ಸಿಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಮೈಕೆಲ್ ಫಿಶ್‌ಬಾಕ್ ತಂಡ ಪ್ರಕಟಿಸಿದ ಕೆಲಸ. ಮನುಷ್ಯರ ಕರುಳಿನ 104 ತಳಿಗಳನ್ನು ಬೆರೆಸಿ, ಮೈಯಲ್ಲಿ ಯಾವ ಸೂಕ್ಷ್ಮಜೀವಿಯೂ ಇಲ್ಲದ ಇಲಿಗಳಿಗೆ ಕೊಟ್ಟರು. ಆಮೇಲೆ ಅದೇ ಇಲಿಗಳಿಗೆ ಮನುಷ್ಯರ ಮಲವನ್ನೂ ಕೊಟ್ಟರು! ಬಸ್ಸಿನಲ್ಲಿ ಸೀಟು ಖಾಲಿ ಇದ್ದರೆ ತಾನೇ ಹೊಸಬರು ಕೂರುವುದು? ಹಾಗೆ ಬಂದು ಕೂತವು ಯಾವುವು ಅಂತ ನೋಡಿ 22 ಸೇರಿಸಿದರು, ನಿಲ್ಲದ 7 ತೆಗೆದರು. ಒಟ್ಟು 119. ಹೊಸ ಗುಂಪು ಪಡೆದ ಇಲಿಗಳು ರೋಗ ತರುವ ಇ. ಕೋಲಿಯನ್ನೂ ತಡೆದವು.

ಓದಲು ಸುಲಭ, ಮಾಡಲು ತಾಳ್ಮೆ ಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕವೇ ವಿಷ. ಗಾಳಿ ಸೇರದ ಪ್ಲಾಸ್ಟಿಕ್ ಗೂಡಿನೊಳಗೆ, ಅದಕ್ಕೇ ಅಂಟಿಸಿದ ದಪ್ಪ ಗ್ಲೌಸಿನಲ್ಲಿ ಕೈ ತೂರಿಸಿ ಕೆಲಸ ಮಾಡುತ್ತೇವೆ. ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ ರೆಸಾಜುರಿನ್ ಅನ್ನೋ ಬಣ್ಣ ಹಾಕಿರುತ್ತೇವೆ. ಬಣ್ಣ ಪೂರ್ತಿ ಹೋಗಿದ್ದರೆ ಸರಿ. ಬೆಳಗ್ಗೆ ಬಂದಾಗ ಟ್ಯೂಬ್ ತಿಳಿ ಗುಲಾಬಿ ಕಂಡರೆ ಎದೆ ಧಸಕ್ಕೆನ್ನುತ್ತದೆ, ಎಲ್ಲೋ ಗಾಳಿ ನುಗ್ಗಿದೆ. ಕೆಲವು ಒಂದೇ ರಾತ್ರಿಯಲ್ಲಿ ಬೆಳೆಯುತ್ತವೆ, ಕೆಲವಕ್ಕೆ ಮೂರು ದಿನ. ಎಲ್ಲವನ್ನೂ ಒಂದೇ ಹೊತ್ತಿಗೆ ಹದಕ್ಕೆ ತರುವುದೇ ಜಾಸ್ತಿ ಕಷ್ಟ.

ಅಂಗಡಿಯ ಪ್ರೊಬಯಾಟಿಕ್ ಕ್ಯಾಪ್ಸೂಲ್ ಇದೇನಾ ಅಂತಲೂ ಕೇಳಿದ್ದೀರಿ. ಅಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಕೆಲವೇ ತಳಿಗಳಿರುತ್ತವೆ, ಹೆಚ್ಚಿನವು ಕರುಳಿನಲ್ಲಿ ನೆಲೆಯೂರದೆ ಹೊರಟುಹೋಗುತ್ತವೆ. ನಾವು ಕಟ್ಟುವುದು ಒಂದಕ್ಕೊಂದು ಆಸರೆಯಾಗಿ ಅಲ್ಲೇ ಉಳಿಯುವ ಗುಂಪನ್ನು.