ರಾಡ್ ಮನೇಲಿರ್ಲಿ, ಛತ್ರಿ ತಗೊಳ್ಳಿ

ಓದುಗರೊಬ್ಬರ ಪತ್ರ: ಬೆಳಗ್ಗೆ ವಾಕಿಂಗ್ ಹೋಗಿದ್ದಾಗ ನಾಯಿಯೊಂದು ಗುರ್ ಅಂತ ಮೈಮೇಲೆ ಬಂತು. ಓಡಿದೆ, ಬಿದ್ದೆ, ಮೊಣಕಾಲು ತರಚಿತು. ಅದು ಮೂಸಿ ನೋಡಿ ಹೊರಟೋಯ್ತು. ಈಗ ಕಬ್ಬಿಣದ ರಾಡ್ ಹಿಡ್ಕೊಂಡು ಹೋಗ್ತಿದ್ದೀನಿ. ಇನ್ನೊಂದ್ಸಲ ಬಂದ್ರೆ ಎಲ್ಲಿಗೆ ಹೊಡೀಬೇಕು ಹೇಳಿ.

ಉತ್ತರ: ನಿಮ್ಮ ಭಯ ನಂಗೆ ಚೆನ್ನಾಗಿ ಅರ್ಥ ಆಗತ್ತೆ, ಆದ್ರೂ ಎಲ್ಲಿಗೆ ಹೊಡೀಬೇಕು ಅಂತ ನಾನು ಹೇಳಲ್ಲ. ರಾಡ್ ಎತ್ತಿದ ಕ್ಷಣ ನಿಮ್ಮ ಪಕ್ಕೆ, ಕಾಲು ಎಲ್ಲಾ ಬಯಲಾಗತ್ತೆ, ನಾಯಿ ನಿಮ್ಮ ಕೈಗಿಂತ ಬೇಗ ಒಳಗೆ ನುಗ್ಗತ್ತೆ, ಹೆದರಿ ಬೊಗಳ್ತಿದ್ದ ನಾಯಿಯೂ ಏಟು ಬೀಳತ್ತೆ ಅಂತ ಗೊತ್ತಾದ್ರೆ ಕಚ್ಚೇ ಬಿಡತ್ತೆ. ಕೈಲಿರೋದು ಹೊಡೆಯೋಕಲ್ಲ, ನಿಮಗೂ ಅದಕ್ಕೂ ಮಧ್ಯೆ ಅಡ್ಡ ಹಿಡಿಯೋಕೆ.

ನಂಗೂ ಹೀಗಾಗಿತ್ತು. ಒಂದು ತಿರುವಿನಲ್ಲಿ ಕಂದು ನಾಯಿ, ಬೊಗಳ್ಲೇ ಇಲ್ಲ, ಬಾಯಿ ಮುಚ್ಚಿ ಮೈ ಬಿಗಿ ಮಾಡಿ ನಿಂತಿತ್ತು, ಬಾಲ ಮೇಲಕ್ಕೆ ಸೆಟೆದು ತುದಿ ಮಾತ್ರ ಸಣ್ಣಗೆ ಅಲ್ಲಾಡ್ತಿತ್ತು (ಬಾಲ ಅಲ್ಲಾಡಿಸಿದ್ರೆ ಸ್ನೇಹ ಅಂತ ನಂಬ್ಕೊಂಡವರು ಎಷ್ಟೋ ಜನ ಕಚ್ಚಿಸ್ಕೊಂಡಿದ್ದಾರೆ). ನಾನು ಛತ್ರಿ ಬಿಚ್ಚಿ ಮೊಣಕಾಲಿನ ಮುಂದೆ ಹಿಡಿದೆ. ಅದು ನುಗ್ಗಿ ಬಟ್ಟೆಗೇ ಬಾಯಿ ಹಾಕ್ತು, ಕಡ್ಡಿ ಲಟಕ್ ಅಂತು, ಎಳೀತು, ನಾನು ಬಿಟ್ಟುಬಿಟ್ಟೆ. ಅದು ಛತ್ರಿ ಜಗ್ತಾ ಇದ್ದಾಗ ಹಿಮ್ಮೆಟ್ಟುತ್ತಾ ಗೇಟಿನೊಳಗೆ ಸೇರ್ಕೊಂಡೆ. ಬ್ಯಾಗು, ಜಾಕೆಟ್ಟು, ಸೈಕಲ್ಲು, ಯಾವುದಾದ್ರೂ ಸರಿ, ಮೊದಲು ನಾಯಿ ಬಾಯಿಗೆ ಅದು ಸಿಗ್ಲಿ.

ಓಡೋದಂತೂ ಬೇಡವೇ ಬೇಡ. ಓಡೋದನ್ನ ಅಟ್ಟೋದು ನಾಯಿಯ ಹುಟ್ಟುಗುಣ, ಓಟದಲ್ಲಿ ನಾವು ಗೆಲ್ಲಲ್ಲ. ನಿಂತ್ಬಿಡಿ, ಮೈ ಸ್ವಲ್ಪ ಓರೆ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ ಆದ್ರೆ ನಾಯಿ ಎಲ್ಲಿದೆ ಅನ್ನೋದು ಗಮನದಲ್ಲಿರ್ಲಿ, ಗಟ್ಟಿ ದನಿಯಲ್ಲಿ ಒಂದೇ ಮಾತು ಹೇಳಿ, ಕಿರುಚ್ಬೇಡಿ, ಅದು ಸಡಿಲ ಆದ್ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಇಡಿ, ಬೆನ್ನು ತೋರಿಸ್ಬೇಡಿ. ಪೆಪ್ಪರ್ ಸ್ಪ್ರೇ ಗಾಳಿ ತಿರುಗಿದ್ರೆ ನಿಮ್ಮ ಕಣ್ಣಿಗೇ ಬರತ್ತೆ. ಬಿದ್ದುಬಿಟ್ರೆ ಮುದುಡ್ಕೊಂಡು, ಮುಖ ನೆಲದ ಕಡೆ ಮಾಡಿ, ಬೆರಳು ಮಡಚಿ ಕೈಗಳಿಂದ ಕುತ್ತಿಗೆ, ಕಿವಿ ಮುಚ್ಕೊಂಡು ಅಲ್ಲಾಡದೆ ಇರಿ.

ನಿಮ್ಮ ಪತ್ರದಲ್ಲಿ ನಂಗೆ ನಿಜವಾಗಿ ಆತಂಕ ಆಗಿದ್ದು ಒಂದೇ ಸಾಲು: ಮೊಣಕಾಲು ತರಚಿತ್ತು, ನಾಯಿ ಮೂಸಿ ನೋಡ್ತು ಅಂದ್ರಲ್ಲ, ಆ ಗಾಯಕ್ಕೆ ಅದರ ನಾಲಿಗೆ ತಾಗಿತ್ತಾ? ಕಚ್ಚಿದ್ರೆ ಮಾತ್ರ ರೇಬೀಸ್ ಬರೋದಲ್ಲ, ಕಿತ್ತ ಚರ್ಮಕ್ಕೆ ಜೊಲ್ಲು ತಾಗಿದ್ರೂ ಬರಬಹುದು. ಹಾಗಾದಾಗ ತಕ್ಷಣ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಬೇಕು, ಅದೇ ದಿನ ರೇಬೀಸ್ ಲಸಿಕೆಯ ಇಂಜೆಕ್ಷನ್ ಶುರು ಮಾಡ್ಬೇಕು, ಗಾಯದೊಳಕ್ಕೆ ಇಮ್ಯುನೋಗ್ಲಾಬ್ಯುಲಿನ್ (ವೈರಸ್ಸನ್ನ ಅಲ್ಲೇ ತಡೆಯೋ ಸಿದ್ಧ ಪ್ರತಿಕಾಯಗಳ ಮದ್ದು) ಕೂಡ ಬೇಕಾಗತ್ತೆ. ಲಕ್ಷಣ ಸಾಮಾನ್ಯವಾಗಿ 2-3 ತಿಂಗಳಾದ್ಮೇಲೆ ಕಾಣಿಸ್ಕೊಳ್ಳತ್ತೆ, ಕಾಣಿಸ್ಕೊಂಡ್ಮೇಲೆ ಉಳಿಯೋದು ಇಲ್ಲ ಅನ್ನೋಷ್ಟು ಅಪರೂಪ. ದಿನ ಕಳೀತು, ಗಾಯ ಮಾಯ್ತು ಅಂತ ಬಿಡ್ಬೇಡಿ. ತಾಗಿತ್ತು ಅಂತ ಒಂಚೂರು ಅನುಮಾನ ಇದ್ರೂ ಇದನ್ನ ಓದಿದ ಇವತ್ತೇ ಡಾಕ್ಟರ್ ಹತ್ರ ಹೋಗಿ, ನಾಳೆಯ ವಾಕಿಂಗ್ ಆಮೇಲೆ ನೋಡೋಣ.