ಹಾವು ಅಂದರೆ ಜ್ಞಾನ ಅಂತ ಬರೆದ ನಿಮಗೆ

ನಮಸ್ಕಾರ.

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಶಿಲ್ಪಗಳ ಬಗ್ಗೆ ನೀವು ಕಳಿಸಿದ ಲೇಖನ ‘ಮಾಯಾ ಶಿಲ್ಪಗಳ ಸಂಕೇತ ಲೋಕ’ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಅದನ್ನು ತಿದ್ದಿ ಕಳಿಸಲೇಬೇಕು ಅನ್ನುವ ಆಸೆ ನನಗಿದೆ.

ಹಾವು ಅಂದರೆ ಜ್ಞಾನ, ಜಾಗ್ವಾರ್ ಅಂದರೆ ಶಕ್ತಿ, ಮರ ಅಂದರೆ ಬದುಕು. ಅರ್ಧ ಲೇಖನ ಹೀಗೇ ಸಾಗುತ್ತದೆ. ಇದನ್ನು ಯಾವ ನಾಡಿನ ಶಿಲ್ಪದ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ? ಓದಿ ಮುಗಿಸಿದರೂ ಒಂದು ಕಲ್ಲೂ ಕಣ್ಣಿಗೆ ಕಟ್ಟುವುದಿಲ್ಲ.

ಮೆಕ್ಸಿಕೋದ ಹಳೆಯ ಮಾಯಾ ನಗರ ಯಾಶ್‌ಚಿಲಾನ್ ಹೆಸರು ನಿಮ್ಮಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ನಿಜವಾದ ಲೇಖನ ಅಲ್ಲೇ ಇದೆ. ಅಲ್ಲಿನ 24ನೇ ಲಿಂಟೆಲ್, ಅಂದರೆ ಬಾಗಿಲ ಮೇಲಿನ ಅಡ್ಡಗಲ್ಲು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರಾಜ ಉರಿಯುವ ಪಂಜು ಹಿಡಿದು ನಿಂತಿದ್ದಾನೆ. ಎದುರಿಗೆ ರಾಣಿ ಕಬಲ್ ಶೋಕ್ ಮಂಡಿಯೂರಿ, ಮುಳ್ಳು ಕಟ್ಟಿದ ಹಗ್ಗವನ್ನು ತನ್ನ ನಾಲಿಗೆಯ ತೂತಿನಿಂದ ಎಳೆಯುತ್ತಿದ್ದಾಳೆ. ಕೆಳಗೆ ಬುಟ್ಟಿ, ಅದರಲ್ಲಿ ರಕ್ತದ ಕಲೆಯ ಕಾಗದ. ಕೆತ್ತಿರುವ ದಿನಾಂಕ ಕ್ರಿ.ಶ. 709ರದ್ದು. ಅದೇ ಕಟ್ಟಡದ 25ನೇ ಲಿಂಟೆಲ್‌ನಲ್ಲಿ ರಾಣಿಯ ಮುಂದೆ ದೊಡ್ಡ ಹಾವೊಂದು ಎದ್ದು ನಿಂತಿದೆ. ಅದರ ಬಾಯಿಂದ ಈಟಿ ಹಿಡಿದ ಯೋಧ ಹೊರಬರುತ್ತಿದ್ದಾನೆ. ಇಲ್ಲಿ ಹಾವು ಆಚೆ ಲೋಕದವರು ಬರುವ ದಾರಿ. ಆ ದಾರಿ ತೆರೆದದ್ದು ರಾಣಿಯ ರಕ್ತ. ಹಾವನ್ನು ಸುಮ್ನೆ ‘ಜ್ಞಾನ’ ಅಂದುಬಿಟ್ಟರೆ ಆ ಹೆಂಗಸು ಪಟ್ಟ ನೋವೇ ಅಳಿಸಿಹೋಗುತ್ತದೆ. ಇನ್ನೊಂದು ವಿಷಯ: ಈ ಚಿತ್ರಗಳಿರುವುದು ಕಲ್ಲಿನ ತಳಭಾಗದಲ್ಲಿ. ಬಾಗಿಲಲ್ಲಿ ನಿಂತು ತಲೆ ಎತ್ತಿದವರಿಗಷ್ಟೇ ಕಾಣುತ್ತಿದ್ದವು. ಯಾರು ನೋಡಲಿ ಅಂತ ಕೆತ್ತಿಸಿದರು? ಈ ಪ್ರಶ್ನೆ ನಿಮ್ಮ ಲೇಖನದಲ್ಲಿ ಬರಲೇಬೇಕು.

ಇನ್ನೊಂದು ಮಾಯಾ ನಗರ ಪಲೆಂಕೆಯ ಪಕಾಲ್ ರಾಜ ರಾಕೆಟ್ ಓಡಿಸುತ್ತಿದ್ದಾನೆ ಅನ್ನುವ ಪ್ಯಾರಾ ಪೂರ್ತಿ ತೆಗೆಯಿರಿ. ಆ ಕೆತ್ತನೆ ಇರುವುದು 683ರಲ್ಲಿ ತೀರಿಕೊಂಡ ಪಕಾಲನ ಕಲ್ಲಿನ ಶವಪೆಟ್ಟಿಗೆಯ ಮುಚ್ಚಳದ ಮೇಲೆ. ನೀವು ರಾಕೆಟ್ ಅಂದಿರುವುದು ಲೋಕದ ನಡುವೆ ನಿಂತ ಮರ. ತುದಿಯಲ್ಲಿ ಹಕ್ಕಿ, ಬುಡದಲ್ಲಿ ಬಾಯಿ ತೆರೆದ ಪಾತಾಳ. ಪೆಟ್ಟಿಗೆಯ ಬದಿಗಳಲ್ಲಿ ಪಕಾಲನ ಹಿರಿಯರು ಹಣ್ಣಿನ ಮರಗಳ ಜೊತೆ ನೆಲದಿಂದ ಮೇಲೇಳುತ್ತಿದ್ದಾರೆ. ಸತ್ತವರು ಮತ್ತೆ ಚಿಗುರುತ್ತಾರೆ ಅನ್ನುವ ಇಷ್ಟು ದೊಡ್ಡ ನಂಬಿಕೆಯನ್ನು ಬಿಟ್ಟು ರಾಕೆಟ್ ಹಿಂದೆ ಹೋಗಬೇಡಿ.

ಮಾಯಾ ಬರಹವನ್ನು ಯಾರೂ ಓದಿಲ್ಲ ಅನ್ನುವುದೂ ತಪ್ಪು. ಅದರಲ್ಲಿ ರಾಜರ ಚರಿತ್ರೆ ಇದೆ ಅಂತ 1960ರಲ್ಲೇ ಮಾಯಾ ವಿದ್ವಾಂಸೆ ತತಿಯಾನಾ ಪ್ರೊಸ್ಕೊರಿಯಾಕಾಫ್ ತೋರಿಸಿದರು.

ಆ ಎರಡು ಲಿಂಟೆಲ್‌ಗಳನ್ನೇ ಇಟ್ಟುಕೊಂಡು ಹೊಸದಾಗಿ ಬರೆಯಿರಿ. ರಾಣಿಯ ಉಡುಪಿನ ನೇಯ್ಗೆಯನ್ನೂ ಬಿಡಬೇಡಿ, ಶಿಲ್ಪಿ ಅದಕ್ಕೆ ತುಂಬಾ ಶ್ರಮ ಹಾಕಿದ್ದಾನೆ. ಮೂರು ಪುಟ ಸಾಕು. ಬಂದ ಕೂಡಲೇ ಓದುತ್ತೇನೆ.

— ಸಂಪಾದಕ