ಕಬ್ಬಿಣದ ಮಾತ್ರೆ ಉಚಿತವಾಗಿ ಸಿಕ್ಕರೂ ಕಾರವಾರದ ಬಡ ಹೆಂಗಸರಲ್ಲಿ ರಕ್ತಹೀನತೆ ಯಾಕೆ ಹೋಗುತ್ತಿಲ್ಲ?

ಮಾತ್ರೆ ಕೈಗೆ ಸಿಗುತ್ತದೆ, ಆದರೆ ತಗೊಳ್ಳುವ ರೀತಿಯನ್ನು ಕೂತು ಹೇಳುವವರು ಕಡಿಮೆ, ಅದಕ್ಕೇ. ಬೆಳಿಗ್ಗೆ ಬೇಗ ಮೀನಿನ ಬುಟ್ಟಿ ಹೊತ್ತು ಹೊರಡುವ ಹೆಂಗಸು ಖಾಲಿ ಹೊಟ್ಟೆಯಲ್ಲಿ ಚಹಾ ಜೊತೆಗೇ ಮಾತ್ರೆ ನುಂಗಿದರೆ, ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಸ್ವಲ್ಪವೇ. ಮೇಲಿಂದ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಹೆದರಿ ಬಿಟ್ಟುಬಿಡುತ್ತಾರೆ. ಕಪ್ಪಾಗುವುದು ಸಹಜ ಅಂತ ಮೊದಲೇ ಹೇಳಬೇಕಲ್ವಾ?

ಊಟವಾಗಿ ಒಂದು ಗಂಟೆ ಬಿಟ್ಟು, ನಿಂಬೆ ಶರಬತ್ತಿನ ಜೊತೆ ತಗೊಂಡರೆ ಜಾಸ್ತಿ ಮೈಗೆ ಹತ್ತುತ್ತದೆ.

ಇನ್ನು ಆಸ್ಪತ್ರೆಯ ಹೊತ್ತೇ ಇವರ ವ್ಯಾಪಾರದ ಹೊತ್ತು. ಅಲ್ಲಿ ಸಾಲಿನಲ್ಲಿ ನಿಂತರೆ ಆ ದಿನದ ದುಡಿಮೆ ಹೋಯಿತು. ಬೆರಳು ಚುಚ್ಚಿ ನೋಡುವ ಪರೀಕ್ಷೆ ಮೀನು ಮಾರ್ಕೆಟ್ಟಿಗೇ ಬರಬೇಕು. ಆ ಪರೀಕ್ಷೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ.